ಪಾಲಿನ ದಾವೆ: ಖರ್ಚು ಯಾರ ಲೆಕ್ಕಕ್ಕೆ?

ಸಾಗರ, ಹೊಸನಗರ, ತೀರ್ಥಹಳ್ಳಿಯ ಯಾವುದೇ ಅಡಿಕೆ ತೋಟದ ಪಾಲಿನ ದಾವೆ ಇತ್ಯರ್ಥವಾದಾಗ, ರಾಜ್ಯದ ಇತರೆಡೆಗಳಂತೆಯೇ, ತೀರ್ಪಿನ ಕೊನೆಯಲ್ಲಿ ಒಂದು ಸಿದ್ಧವಾಕ್ಯವನ್ನು ನಿರೀಕ್ಷಿಸಬಹುದು: ಉಭಯ ಪಕ್ಷಕಾರರ ಸಂಬಂಧವನ್ನು ಪರಿಗಣಿಸಿ ಅವರವರ ಖರ್ಚನ್ನು ಅವರವರೇ ಭರಿಸತಕ್ಕದ್ದು. ಸಂಬಂಧ ಹರಿದುಹೋದ ಮೇಲೆಯೇ ಜನ ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ ಎಂಬುದನ್ನು ಈ ವಾಕ್ಯ ಮರೆಯುತ್ತದೆ.

ಕಾನೂನು ಹೇಳುವುದು ಬೇರೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಮಿನ ಪ್ರಕಾರ ಸೋತವನು ಗೆದ್ದವನ ಖರ್ಚು ಕೊಡುವುದು ನಿಯಮ. ಕೊಡಿಸದಿದ್ದರೆ ನ್ಯಾಯಾಧೀಶರು ಲಿಖಿತ ಕಾರಣ ನೀಡಬೇಕು. ರಕ್ತಸಂಬಂಧವೇ ಆ ಕಾರಣವಾಗಿಬಿಟ್ಟಿದೆ. ಖರ್ಚು ಕೊಡಿಸಿದಾಗಲೂ ಡಿಕ್ರಿಯ ಪಟ್ಟಿಗೆ ಸೇರುವುದು ಮುಖ್ಯವಾಗಿ ಕೋರ್ಟ್ ಶುಲ್ಕ ಮತ್ತು ನಿಯಮಾವಳಿ ಒಪ್ಪುವಷ್ಟು ವಕೀಲರ ಶುಲ್ಕ. ವಾಯಿದೆಗೊಮ್ಮೆ ಬಸ್ಸು ಹತ್ತಿದ್ದು, ಮೇಲ್ಮನವಿಗಾಗಿ ಬೆಂಗಳೂರಿಗೆ ಅಲೆದದ್ದು ಯಾವ ಲೆಕ್ಕಕ್ಕೂ ಬರುವುದಿಲ್ಲ. ಇವನ್ನೂ ಸೇರಿಸಿ ವಾಸ್ತವಿಕ ಖರ್ಚು ಕೊಡಿಸಬೇಕೆಂದು ಸುಪ್ರೀಂ ಕೋರ್ಟ್ 2005ರಲ್ಲಿ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಹೇಳಿತು. ಆದರೆ ಹೈಕೋರ್ಟುಗಳ ನಿಯಮಗಳು ಬದಲಾಗದ ಹೊರತು ಹಾಗೆ ಕೊಡಿಸಲಾಗದೆಂದು 2011ರಲ್ಲಿ ಅದೇ ನ್ಯಾಯಾಲಯ ಸ್ಪಷ್ಟಪಡಿಸಿತು. ಸುಳ್ಳು ದಾವೆ, ಸುಳ್ಳು ತಕರಾರುಗಳಿಗೆ 35-ಎ ಕಲಮಿನಡಿ ಕೊಡಿಸಬಹುದಾದ ಪರಿಹಾರದ ಮಿತಿ ಈಗಲೂ ಮೂರು ಸಾವಿರ ರೂಪಾಯಿ. ವಾಣಿಜ್ಯ ವ್ಯಾಜ್ಯಗಳಿಗೆ ಈ ಮಿತಿಯನ್ನು 2015ರಲ್ಲಿ ತೆಗೆದುಹಾಕಲಾಯಿತು. ಕಂಪನಿಗಳಿಗೆ ದೊರೆತ ವಿನಾಯಿತಿ ಒಡಹುಟ್ಟಿದವರಿಗೆ ದೊರೆಯಲಿಲ್ಲ.

ಮಲೆನಾಡಿನಲ್ಲಿ ವಿಳಂಬಕ್ಕೆ ಹೆಚ್ಚುವರಿ ಲಾಭವೂ ಉಂಟು. 1951ರ ಕಾಗೋಡು ಸತ್ಯಾಗ್ರಹ ಕಂಡ ಈ ನೆಲದಲ್ಲಿ, 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಎಷ್ಟೋ ಗೇಣಿದಾರ ಕುಟುಂಬಗಳ ಪರವಾಗಿ ಹಿರಿಯಣ್ಣನೇ ಅರ್ಜಿ ಹಾಕಿದ; ಅಧಿಭೋಗದಾರಿಕೆ ಹಕ್ಕು ಅವನೊಬ್ಬನ ಹೆಸರಿಗೆ ಬಂತು. ಗೇಣಿ ಕುಟುಂಬದ್ದಾಗಿದ್ದರೆ ಹೆಸರು ಒಬ್ಬನದಾದ ಮಾತ್ರಕ್ಕೆ ಉಳಿದವರ ಪಾಲು ಅಳಿಯದು. ಆದರೆ ಅದನ್ನು ಸಾಬೀತುಪಡಿಸಲು ವರ್ಷಗಳೇ ಬೇಕು. ಅಷ್ಟೂ ಕಾಲ ಕೊನೆ ಕೊಯ್ಯುವವನು ಸ್ವಾಧೀನದಲ್ಲಿರುವವನೇ. ಸೋದರಿ ಕೈಯಿಂದ ಹಣ ಹಾಕಿ ದಾವೆ ನಡೆಸಿದರೆ, ಅಣ್ಣ ಆಕೆಯ ಪಾಲಿನ ಫಸಲಿನಿಂದಲೇ ಆಕೆಯ ವಿರುದ್ಧ ವಕೀಲರನ್ನು ಇಡುತ್ತಾನೆ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇಲ್ಲಿ ಒಗಟೇನೂ ಇಲ್ಲ: ವಾಯಿದೆ ಕೇಳುವುದು ಉಚಿತವಾಗಿರುವವರೆಗೂ ಕೇಳುವವರಿರುತ್ತಾರೆ.

ಪ್ರಾಥಮಿಕ ಡಿಕ್ರಿ ಬಂದರೂ ಕೈಗೆ ಭೂಮಿ ಬರದು. ಅಳತೆ, ಹಿಸ್ಸೆ, ಕಮಿಷನರ್ ವರದಿ, ಆಕ್ಷೇಪಣೆ, ಕೊನೆಗೆ ಅಂತಿಮ ಡಿಕ್ರಿ. ಎರಡನೆಯ ಹಂತಕ್ಕೆ ಪ್ರತ್ಯೇಕ ಅರ್ಜಿಗೆ ಕಾಯದೆ ಮುಂದುವರಿಯಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ವಿಚಾರಣಾ ನ್ಯಾಯಾಲಯಗಳಿಗೆ ಸೂಚಿಸಿದ್ದು ಸ್ವಾಗತಾರ್ಹ.

ಸೋತವರೆಲ್ಲ ದಂಡ ತೆರಲಿ ಎಂಬುದು ನನ್ನ ವಾದವಲ್ಲ. ಕರ್ನಾಟಕವು 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ನೀಡಿತು. ಕೇಂದ್ರದ ತಿದ್ದುಪಡಿ 2005ರಲ್ಲಿ ಬಂತು. ಬೆಳಗಾವಿಯಲ್ಲಿ 1992ರಲ್ಲಿ ಹೂಡಿದ ಫೂಲವತಿ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದದ್ದು 2015ರಲ್ಲಿ. ಅಲ್ಲಿ ಹೇಳಿದ ಸೂತ್ರವನ್ನು 2020ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ತಳ್ಳಿಹಾಕಿತು. ಕಾನೂನೇ ಹೀಗೆ ಹೊರಳಿದಾಗ ಪ್ರಾಮಾಣಿಕವಾಗಿ ವಾದಿಸಿ ಸೋತವನನ್ನು ಹಿಂಡುವುದು ತರವಲ್ಲ. ಖರ್ಚಿನ ಭಯಕ್ಕೆ ಹೆಣ್ಣುಮಕ್ಕಳು ದಾವೆಯನ್ನೇ ಹೂಡದಂತಾಗಲೂಬಾರದು.

ಆದ್ದರಿಂದ ಖರ್ಚು ಸೋಲಿಗಲ್ಲ, ನಡತೆಗೆ ತಗುಲಬೇಕು. ಪಾಲು ಇದೆಯೆಂದು ತಿಳಿದೂ ನಿರಾಕರಿಸಿದವನು, ನ್ಯಾಯವಾದ ರಾಜಿಯನ್ನು ಲಿಖಿತವಾಗಿ ಮುಂದಿಟ್ಟಾಗ ಒಲ್ಲೆನೆಂದವನು ಆ ದಿನದಿಂದಾಚೆಗಿನ ವಾಸ್ತವಿಕ ಖರ್ಚು ತೆರಬೇಕು. ಅದನ್ನು ಅವನ ಹಿಸ್ಸೆಯ ಮೇಲೆಯೇ ಹೊರಿಸಬೇಕು. ಅನಗತ್ಯ ವಾಯಿದೆಗೆ ಅಂದೇ ಖರ್ಚು ಕಟ್ಟಿಸಲು 35-ಬಿ ಕಲಮು 1976ರ ತಿದ್ದುಪಡಿಯಿಂದಲೂ ಇದೆ. ದಾವೆಯ ಅವಧಿಯ ಫಸಲಿನ ಲೆಕ್ಕವನ್ನು ಚೇಣಿ ದರದಲ್ಲಿ ವರ್ಷವರ್ಷವೂ ಕೋರ್ಟಿಗೆ ಒಪ್ಪಿಸುವಂತೆ ಮೊದಲ ವರ್ಷದಲ್ಲೇ ಆದೇಶವಾದರೆ, ಅರ್ಧದಷ್ಟು ತಕರಾರುಗಳು ಮನೆಯ ಜಗಲಿಯಲ್ಲೇ ಮುಗಿದಾವು. ಇದಕ್ಕೆ ಸಂಸತ್ತಿನ ದಾರಿ ಕಾಯಬೇಕಿಲ್ಲ. ಖರ್ಚಿನ ನಿಯಮಗಳನ್ನು ತಿದ್ದುವ ಅಧಿಕಾರ ಹೈಕೋರ್ಟಿನ ಕೈಯಲ್ಲೇ ಇದೆ.