ತೊಟ್ಟಿಲಿನ ಬಾಗುಪಾದ

ಧಾರವಾಡ ಜಿಲ್ಲೆಯ ಕಲಘಟಗಿಯಲ್ಲಿ ಸಿದ್ಧವಾಗುವ ಬಣ್ಣದ ತೊಟ್ಟಿಲನ್ನು ಕಂಡು ಮೆಚ್ಚದವರಿಲ್ಲ. ಆದರೆ ತೂಗುತೊಟ್ಟಿಲಿಗೆ ಮೇಲೆ ಜಂತೆಯೋ ತೊಲೆಯೋ ಇರಬೇಕು. ಕಾಂಕ್ರೀಟ್ ಮಾಳಿಗೆಯ ಇಂದಿನ ಮಲಗುವ ಕೋಣೆಗಳಲ್ಲಿ ಕಟ್ಟುವಾಗಲೇ ಕೊಂಡಿ ಇಡಿಸದಿದ್ದರೆ ಸರಪಳಿಗೆ ಆಧಾರವೇ ಇರುವುದಿಲ್ಲ. ಆಮೇಲೆ ಮಾಳಿಗೆಗೆ ರಂಧ್ರ ಕೊರೆಯಿಸಿ ಕೊಂಡಿ ಸಿಕ್ಕಿಸಿ, ಅದರ ಮೇಲೆ ಮಗುವಿನ ಭಾರ ಹೊರಿಸುವುದನ್ನು ಈ ಲೇಖಕನಂತೂ ಒಪ್ಪಲಾರ. ಹೀಗಾಗಿ ನೆಲದ ಮೇಲೆ ನಿಂತು, ಬಾಗಿದ ಎರಡು ಪಾದಗಳ ಮೇಲೆ ತೂಗುವ ತೊಟ್ಟಿಲಿನ ವಿಚಾರವನ್ನು ಈ ಸಲ ಎತ್ತಿಕೊಂಡಿದ್ದೇವೆ. ಗರಗಸ, ಉಳಿ ಹಿಡಿದು ರೂಢಿಯಿರುವ ಗೃಹಸ್ಥರು ಇದನ್ನು ಮನೆಯಲ್ಲಿಯೇ ಮಾಡಬಹುದು. ಬಡಿಗರಿಂದ ಮಾಡಿಸುವವರಿಗೂ ಏನನ್ನು ಕೇಳಬೇಕೆಂಬುದು ಇದರಿಂದ ತಿಳಿದೀತು.

ಪೆಟ್ಟಿಗೆಯ ಭಾಗ ಸುಲಭ. ಕಷ್ಟವಿರುವುದು ಪಾದದಲ್ಲಿ. ಅಗಲವಾದ ಹಲಗೆಯ ಮೇಲೆ ಕಮಾನು ಗೀಚಿ ಗರಗಸದಿಂದ ಕೊಯ್ದರಾಯಿತೆಂದು ಬಹುಮಂದಿ ಭಾವಿಸುತ್ತಾರೆ. ನೋಡಲು ಅದು ಅಂದವಾಗಿಯೇ ಇರುತ್ತದೆ. ಆದರೆ ಮರದ ಬಲವೆಲ್ಲ ಅದರ ನಾರಿನ ಉದ್ದಕ್ಕೆ. ನಾರು ಅಡ್ಡಲಾದಲ್ಲಿ ಸೌದೆ ಸೀಳಿದಂತೆ ಸೀಳಿಹೋಗುತ್ತದೆ. 90 ಸೆಂ.ಮೀ. ತ್ರಿಜ್ಯದ, ತುದಿಯಿಂದ ತುದಿಗೆ 80 ಸೆಂ.ಮೀ. ಇರುವ ಪಾದವನ್ನು ನೇರ ಹಲಗೆಯಲ್ಲಿ ಕೊಯ್ದರೆ, ತುದಿಗಳ ಬಳಿ ನಾರು ಪಾದದ ದಿಕ್ಕಿಗೆ 26 ಡಿಗ್ರಿಯಷ್ಟು ಓರೆಯಾಗಿರುತ್ತದೆ. ತೊಟ್ಟಿಲು ಪೂರ್ತಿ ಒಂದು ಕಡೆಗೆ ವಾಲಿದಾಗ ಭಾರ ಬೀಳುವುದೂ ಆ ಕಡೆಯ ತುದಿಯ ಮೇಲೆಯೇ.

ನಮ್ಮ ಹಳ್ಳಿಯ ಬಡಿಗರು ಇದನ್ನು ಎಂದೋ ಬಲ್ಲರು. ನೇಗಿಲಿಗೆ ಅವರು ಹುಟ್ಟಿನಲ್ಲಿಯೇ ಬಾಗಿದ ಜಾಲಿಯ ಕೊಂಬೆಯನ್ನು ಹುಡುಕಿ ತರುತ್ತಿದ್ದರು. ಚಕ್ಕಡಿಯ ಗಾಲಿಯ ಸುತ್ತನ್ನು ಒಂದೇ ಹಲಗೆಯಲ್ಲಿ ಕೊರೆಯದೆ, ನಾರು ಸುತ್ತಿನ ಜೊತೆಗೆ ಸಾಗುವಂತೆ ತುಂಡು ತುಂಡಾಗಿ ಕೂಡಿಸುತ್ತಿದ್ದರು. ಯುರೋಪಿನಲ್ಲಿ ಬಾಗುಮರದ ಕುರ್ಚಿಗಳಿಂದ ಹೆಸರಾದ ಮೈಕೇಲ್ ಥೋನೆಟ್ ಕೂಡ 1830ರ ದಶಕದಲ್ಲಿ ತೆಳು ಮರದ ಪಟ್ಟಿಗಳನ್ನು ಅಂಟಿನೊಡನೆ ಬಾಗಿಸಿಯೇ ಪ್ರಯೋಗ ಆರಂಭಿಸಿದವನು. ಗಟ್ಟಿ ಮರವನ್ನು ಹಬೆಯಲ್ಲಿ ಬೇಯಿಸಿ ಬಾಗಿಸಿದ ಅವನ 14ನೆಯ ಸಂಖ್ಯೆಯ ಕುರ್ಚಿ ಬಂದದ್ದು 1859ರಲ್ಲಿ. ಹಬೆಯ ವಿಧಾನಕ್ಕೆ ಒಗ್ಗುವ ಮರವೇ ಬೇರೆ, ಸಲಕರಣೆಯೇ ಬೇರೆ. ಮನೆಗೆ ಒಪ್ಪುವುದು ತೆಳುಪಟ್ಟಿಗಳ ಮಾರ್ಗವೇ.

ಚೆನ್ನಾಗಿ ಒಣಗಿದ, ಗಂಟಿಲ್ಲದ ಸಾಗುವಾನಿಯನ್ನು ಆರಿಸಿರಿ. 95 ಸೆಂ.ಮೀ. ಉದ್ದ, 9.5 ಸೆಂ.ಮೀ. ಅಗಲ, 3 ಮಿ.ಮೀ. ದಪ್ಪದ ಒಂಬತ್ತು ಪಟ್ಟಿಗಳನ್ನು ಸಾಮಿಲ್ಲಿನಲ್ಲಿ ಸೀಳಿಸಬೇಕು. ಮರದ ಬಹುಪಾಲು ಹೊಟ್ಟಾಗಿ ಹೋಯಿತೆಂದು ಮನಸ್ಸಿಗೆ ನೋವಾಗುವುದು ಸಹಜ; ಅದಕ್ಕೆ ಉಪಾಯವಿಲ್ಲ. ಅಗಲ ಇಷ್ಟೇಕೆಂದರೆ, ಎರಡು ಪಾದಗಳನ್ನು ಬೇರೆ ಬೇರೆಯಾಗಿ ಬಾಗಿಸಿದರೆ ಅವು ಎಷ್ಟೇ ಎಚ್ಚರವಹಿಸಿದರೂ ಕೂದಲೆಳೆಯಷ್ಟು ಭೇದವಾಗುತ್ತವೆ, ತೊಟ್ಟಿಲು ಕುಂಟುತ್ತದೆ. ಒಂದೇ ಅಗಲವಾದ ಕಮಾನನ್ನು ಮಾಡಿ, ಒಣಗಿದ ಮೇಲೆ ನಡುವೆ ಸೀಳಿ ಎರಡು ಮಾಡಿದರೆ ಅವಳಿ ಮಕ್ಕಳಂತೆ ಒಂದೇ ಆಕಾರ ಬರುತ್ತದೆ.

ಪಟ್ಟಿಗಳನ್ನು ಬಾಗಿಸಲು ಪ್ಲೈವುಡ್ ತುಂಡುಗಳನ್ನು ಜೋಡಿಸಿದ ಉಬ್ಬಿನ ಅಚ್ಚು ಬೇಕು. ಒಂಬತ್ತು ಪಟ್ಟಿಗಳ ದಪ್ಪ 27 ಮಿ.ಮೀ. ಆದ್ದರಿಂದ ಅಚ್ಚನ್ನು 87.3 ಸೆಂ.ಮೀ. ತ್ರಿಜ್ಯಕ್ಕೆ ಕೊಯ್ದರೆ ಹೊರಮೈ 90ಕ್ಕೆ ಬರುತ್ತದೆ. ತಿರುವಿ ನಿಲ್ಲಿಸಿದಾಗ ನೆಲಕ್ಕೆ ತಾಗುವುದು ಆ ಮೈಯೇ. ಕಮಾನು ಗೀಚಲು ದಾರ ಬೇಡ, ಅದು ಎಳೆದಂತೆ ಉದ್ದವಾಗುತ್ತದೆ. ಒಂದು ತುದಿಗೆ ಮೊಳೆ, ಇನ್ನೊಂದಕ್ಕೆ ಪೆನ್ಸಿಲು ಸಿಕ್ಕಿಸಿದ ಮರದ ಪಟ್ಟಿಯೇ ಲೇಸು. ಅಚ್ಚಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿರಿ, ಇಲ್ಲವಾದರೆ ಪಾದವೂ ಅಚ್ಚೂ ಒಂದಾಗಿಬಿಡುತ್ತವೆ.

ಅಂಟಿನ ವಿಷಯದಲ್ಲಿ ಸ್ವಲ್ಪ ನಿಷ್ಠುರವಾಗಿಯೇ ಹೇಳಬೇಕಾಗಿದೆ. ಬಡಿಗರು ದಿನನಿತ್ಯ ಬಳಸುವ ಬಿಳಿಯ ಅಂಟು ಕುರ್ಚಿ ಮೇಜುಗಳಿಗೆ ಸಾಕು. ಆದರೆ ಬಾಗಿದ ಮರ ನೆಟ್ಟಗಾಗಲು ಸದಾ ಹವಣಿಸುತ್ತದೆ; ಆ ನಿರಂತರದ ಎಳೆತಕ್ಕೆ ಬಿಳಿಯ ಅಂಟು ತಿಂಗಳುಗಟ್ಟಲೆ ನಿಧಾನವಾಗಿ ಜಾರುತ್ತದೆ. ಎರಡು ಭಾಗ ಕಲಸಿ ಹಚ್ಚುವ ಎಪಾಕ್ಸಿ ಅಂಟು ಹಾಗೆ ಜಾರುವುದಿಲ್ಲ. ಸಾಗುವಾನಿಯಲ್ಲಿ ಸಹಜವಾಗಿಯೇ ಎಣ್ಣೆಯ ಅಂಶವಿರುವುದರಿಂದ ಹಚ್ಚುವ ಮುನ್ನ ಪ್ರತಿಯೊಂದು ಪಟ್ಟಿಯನ್ನೂ ಅಸಿಟೋನ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿರಿ. ಕ್ಲಾಂಪುಗಳನ್ನು ನಡುವಿನಿಂದ ಆರಂಭಿಸಿ ತುದಿಗಳ ಕಡೆಗೆ ಬಿಗಿಯುತ್ತ ಹೋಗಬೇಕು, ಸುಮಾರು ಹತ್ತು ಸೆಂ.ಮೀ.ಗೆ ಒಂದರಂತೆ. ಒಂದು ಹಗಲು ಒಂದು ರಾತ್ರಿ ಮುಟ್ಟಬಾರದು.

ತೊಟ್ಟಿಲು ಮಗುಚದಿರುವ ಗುಟ್ಟು ತ್ರಿಜ್ಯದಲ್ಲಿದೆ. ಕಮಾನಿನ ಕೇಂದ್ರ ನೆಲದಿಂದ 90 ಸೆಂ.ಮೀ. ಎತ್ತರದಲ್ಲಿರುತ್ತದೆ. ಪೆಟ್ಟಿಗೆ, ಹಾಸಿಗೆ, ಮಗು ಇವೆಲ್ಲದರ ಭಾರದ ನೆಲೆ ಅದಕ್ಕಿಂತ ಬಹಳ ಕೆಳಗಿದ್ದರೆ ಎಷ್ಟು ವಾಲಿಸಿದರೂ ತಾನಾಗಿ ನೆಟ್ಟಗಾಗುತ್ತದೆ. ಹಾಸಿಗೆಯನ್ನು 30 ಸೆಂ.ಮೀ. ಎತ್ತರಕ್ಕೆ ಇಟ್ಟರೆ ಸರಿ. ಇಷ್ಟಾದರೂ ಪಾದದ ನಾಲ್ಕು ತುದಿಗಳಲ್ಲಿ, ಕೆಳಮೈಗೆ 2 ಸೆಂ.ಮೀ. ದಪ್ಪದ ತಡೆಗಳನ್ನು ಕೂಡಿಸಲೇಬೇಕು. ಆಗ ವಾಲುವಿಕೆ ಸುಮಾರು 14 ಡಿಗ್ರಿಗೆ ನಿಲ್ಲುತ್ತದೆ. ಕಾಲುಗಳನ್ನು ಪಾದಕ್ಕೆ ಕೂಡಿಸುವಾಗ ಬರಿಯ ಮೊಳೆಯನ್ನು ನಂಬಬಾರದು. ಕಾಲಿನ ತುದಿಯನ್ನು ನಾಲಗೆಯಂತೆ ಕೊಯ್ದು, ಪಾದದಲ್ಲಿ ಕೊರೆದ ಕಿಂಡಿಗೆ ಇಳಿಸಿ, ಮರದ ಬೆಣೆ ಬಡಿಯಬೇಕು.

ಬದಿಯ ಕಡ್ಡಿಗಳ ನಡುವಿನ ಸಂದು 6 ಸೆಂ.ಮೀ. ಮೀರಬಾರದು. ಅಮೆರಿಕದಲ್ಲಿ ಮಕ್ಕಳ ಮಂಚಗಳಿಗೆ ಸರಕಾರವೇ ವಿಧಿಸಿರುವ ಮಿತಿ ಇದು. ಸಂದು ಹೆಚ್ಚಾದರೆ ಮೈ ಹೊರಗೆ ಜಾರಿ ಕತ್ತು ಸಿಕ್ಕಿಕೊಳ್ಳುತ್ತದೆ. ಹಾಸಿಗೆ ಗಟ್ಟಿಯಾಗಿ ಅಂಚಿನವರೆಗೂ ತುಂಬಿರಲಿ. ದಿಂಬು, ಮೆತ್ತನೆಯ ಬೊಂತೆ ಒಳಗಿಡುವ ಪ್ರೀತಿಯನ್ನು ಅಜ್ಜಿಯರು ಈಗ ಬಿಡಬೇಕು. ಕೂಸನ್ನು ಅಂಗಾತ ಮಲಗಿಸುವುದೇ ಕ್ಷೇಮವೆಂದು ವೈದ್ಯರು ಹೇಳುತ್ತಾರೆ. ಮನೆಯಲ್ಲಿ ಅಂಬೆಗಾಲಿಡುವ ದೊಡ್ಡ ಮಗುವಿದ್ದರೆ ಅದರ ಬೆರಳು ಪಾದದಡಿ ಸಿಕ್ಕೀತು; ತೂಗದಿರುವಾಗ ಎರಡೂ ಕಡೆ ಬೆಣೆ ಕೊಟ್ಟಿಡಿರಿ.

ಬಣ್ಣ ಹಚ್ಚುವುದಾದರೆ ಹಳೆಯ ಡಬ್ಬಿಗಳತ್ತ ಕೈ ಹೋಗದಿರಲಿ. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು ಹತ್ತು ಲಕ್ಷಕ್ಕೆ 90 ಭಾಗಕ್ಕೆ ಮಿತಗೊಳಿಸಿದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಮರಳುಕಾಗದದಿಂದ ಉಜ್ಜಿ ಅಗಸೆ ಎಣ್ಣೆ ಹಚ್ಚಿ ಕೆಲವು ವಾರ ಒಣಗಲು ಬಿಡುವುದೇ ನಮ್ಮ ಇಷ್ಟ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ತಾನಾಗಿ ಕಾದು ಬೆಂಕಿ ಹತ್ತುವುದುಂಟು. ಹೊರಗೆ ಹರವಿ ಒಣಗಿಸಿರಿ.

ಕೂಸು ಕೈ ಮತ್ತು ಮೊಣಕಾಲೂರಿ ಮೈ ಎತ್ತತೊಡಗಿದ ದಿನ, ಅಂದರೆ ಐದನೆಯ ತಿಂಗಳ ಹೊತ್ತಿಗೆ, ತೊಟ್ಟಿಲನ್ನು ಅಟ್ಟಕ್ಕೇರಿಸಬೇಕು. ಮುಂದಿನ ಕೂಸಿಗೆ ಇಳಿಸುವಾಗ ಪಾದದ ಪದರಗಳ ಸಂದಿನಲ್ಲಿ ಉಗುರು ಓಡಿಸಿ ನೋಡಿರಿ. ಉಗುರು ಎಲ್ಲಿಯಾದರೂ ಒಳಹೊಕ್ಕರೆ ಆ ಪಾದವನ್ನು ರಿಪೇರಿ ಮಾಡದೆ ಹೊಸದನ್ನೇ ಮಾಡಿರಿ.