‘ಒಪ್ಪಿದೆ’ ಎಂದು ಒತ್ತುವ ಮುನ್ನ

ಗೆಳತಿಯರೇ, ಕಳೆದ ಸಲ ಮಾವಿನ ಮಿಡಿ ಕೆಡದಂತೆ ಇಡುವ ಬಗೆ ಮಾತಾಡಿದೆವು. ಈ ಸಲ ಷೇರುಪೇಟೆಯ ಮಾತು. ‘ಅಯ್ಯೋ, ಅದು ಗಂಡಸರ ಉಸಾಬರಿ’ ಎಂದು ಪುಟ ತಿರುವಿಬಿಡಬೇಡಿ. ನಾನೂ ಹಾಗೇ ಅಂದುಕೊಂಡಿದ್ದೆ. ನನ್ನ ಚೀಟಿ ದುಡ್ಡು ಎಂಬತ್ತು ಸಾವಿರ ಕರಗಿದ ಮೇಲೆ ಕಣ್ಣು ಬಿಟ್ಟೆ.

ನಡೆದದ್ದು ಇಷ್ಟು. ಮಗಳ ಕಾಲೇಜು ಫೀಸಿಗೆಂದು ಎರಡು ವರ್ಷ ಚೀಟಿ ಕಟ್ಟಿದ್ದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ, ‘ಬ್ಯಾಂಕಲ್ಲಿ ಕೊಳೆಸೋ ಬದಲು ನನಗೆ ಕೊಡಮ್ಮ, ಷೇರಿಗೆ ಹಾಕಿ ಬೆಳೆಸಿ ಕೊಡ್ತೀನಿ’ ಅಂದ. ಷೇರು ಎಂದರೆ ಕಂಪೆನಿಯಲ್ಲಿ ಒಂದು ಪಾಲು ಎಂಬಷ್ಟು ನನಗೂ ಗೊತ್ತಿತ್ತು. ಯಜಮಾನರಿಗೂ ಹೇಳದೆ ಕೊಟ್ಟೆ. ಗೌರಿ ಹಬ್ಬಕ್ಕೆ ಬಂದವನು ಎಲೆಯ ಮುಂದೆ ಕೂತು ಹೋಳಿಗೆ ಮುಟ್ಟಲಿಲ್ಲ. ‘ಏನಾಯ್ತೋ?’ ಎಂದರೆ, ‘ಎಲ್ಲಾ ಹೋಯ್ತಮ್ಮ’ ಎಂದ.

ಅವನು ಕೊಂಡದ್ದು ಷೇರೇ ಅಲ್ಲವಂತೆ, ‘ಆಪ್ಷನ್’ ಅಂತೆ. ಅವನು ನನಗೆ ತಿಳಿಸಿದ್ದನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ಬರುವ ವಾರ ಇಂಥ ಬೆಲೆಗೆ ಕೊಬ್ಬರಿ ಕೊಳ್ಳುವ ಹಕ್ಕು ನನಗಿರಲಿ ಎಂದು ಇವತ್ತು 500 ರೂಪಾಯಿ ಕಟ್ಟಿದಿರಿ ಎನ್ನಿ. ವಾರದೊಳಗೆ ಬೆಲೆ ಚೆನ್ನಾಗಿ ಏರಿದರೆ ಲಾಭ. ಏರದಿದ್ದರೆ ಆ 500 ಪೂರಾ ಹೋಯಿತು. ಷೇರಾದರೆ ಬೆಲೆ ಇಳಿದರೂ ಪಾಲು ಕೈಯಲ್ಲಿರುತ್ತದೆ, ಕಾಯಬಹುದು. ಆಪ್ಷನ್‌ಗೆ ಗಡುವಿದೆ, ಗಡುವು ಮುಗಿದ ಮೇಲೆ ಹಳೇ ಬಸ್ ಟಿಕೆಟಿನಷ್ಟೂ ಬೆಲೆಯಿಲ್ಲ. ಅದನ್ನು ಕೊಳ್ಳುವ ಬದಲು ಮಾರಲು ಹೊರಟವರ ಪಾಡು ಇನ್ನೂ ಕಷ್ಟ: ಕಟ್ಟಿದ್ದಕ್ಕಿಂತ ಹೆಚ್ಚು ಕಳೆದುಕೊಳ್ಳಬಹುದು. ಕೈತುಂಬ ಷೇರು ಇಟ್ಟುಕೊಂಡ ದೊಡ್ಡವರಿಗೆ ಬೆಲೆ ಕುಸಿತದಿಂದ ರಕ್ಷಣೆಯಾಗಿ ಇದು ಉಪಯೋಗವೇ. ನಮ್ಮ ಹುಡುಗರಿಗೆ ಮಾತ್ರ ಜೂಜಾಗಿಬಿಟ್ಟಿದೆ.

‘ಅಲ್ವೋ, ದುಡ್ಡು ತೊಗೊಂಡೋರು ಒಂದು ಮಾತೂ ಎಚ್ಚರಿಸಲಿಲ್ವಾ?’ ಎಂದು ಕೇಳಿದೆ. ಮಾತಾಡದೆ ಮೊಬೈಲ್ ತೆರೆದು ತೋರಿಸಿದ. ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದಿತ್ತು: ಈ ವ್ಯವಹಾರದಲ್ಲಿ ಹತ್ತು ಜನರಲ್ಲಿ ಒಂಬತ್ತು ಜನರಿಗೆ ನಷ್ಟ! ಷೇರುಪೇಟೆಯ ಮೇಲೆ ಕಣ್ಣಿಡುವ ಸೆಬಿ ಎಂಬ ಸರ್ಕಾರಿ ಮಂಡಳಿ, ಒಳಗೆ ಹೋಗುವ ಪ್ರತಿ ಸಲವೂ ಇದನ್ನು ತೋರಿಸಲೇಬೇಕೆಂದು 2023ರ ಜುಲೈಯಿಂದ ಕಡ್ಡಾಯ ಮಾಡಿದೆ. ‘ದಿನಾ ಬರುತ್ತೆ, ದಿನಾ ಒಪ್ಪಿದೆ ಅಂತ ಒತ್ತಿ ಮುಂದೆ ಹೋಗ್ತೀನಿ’ ಎಂದ ಮಗರಾಯ.

ಲೆಕ್ಕ ಕೇಳಿದರೆ ಎದೆ ಝಲ್ಲೆನ್ನುತ್ತದೆ. 2024ರ ಸೆಪ್ಟೆಂಬರಿನಲ್ಲಿ ಸೆಬಿ ಹೊರಡಿಸಿದ ವರದಿಯಂತೆ, 2021-22ರಿಂದ ಮೂರು ವರ್ಷಗಳಲ್ಲಿ ‘ಫ್ಯೂಚರ್ಸ್ ಮತ್ತು ಆಪ್ಷನ್ಸ್’ ಎಂಬ ಈ ವ್ಯವಹಾರಕ್ಕೆ ಇಳಿದ ಸಾಮಾನ್ಯ ಜನ 1 ಕೋಟಿಗೂ ಹೆಚ್ಚು. ನೂರಕ್ಕೆ 93 ಮಂದಿಗೆ ನಷ್ಟ. ಒಟ್ಟು ಹೋದದ್ದು 1.8 ಲಕ್ಷ ಕೋಟಿ ರೂಪಾಯಿ. ಇವರಲ್ಲಿ ಮುಕ್ಕಾಲು ಪಾಲು ಜನರ ವರ್ಷದ ಆದಾಯ 5 ಲಕ್ಷಕ್ಕಿಂತ ಕಡಿಮೆ. ಲಾಭದ ಹೆಚ್ಚಿನ ಪಾಲು ಹೋದದ್ದು ಕಂಪ್ಯೂಟರ್ ಕೈಲಿ ವ್ಯವಹಾರ ಮಾಡಿಸುವ ದೊಡ್ಡ ಸಂಸ್ಥೆಗಳಿಗೆ. ನಮ್ಮ ಹುಡುಗರು ಆಡುತ್ತಿರುವುದು ಅಂಥವರ ಎದುರಿಗೆ!

ಹಾಗೆಂದು ಸೆಬಿ ಕೈಕಟ್ಟಿ ಕೂತಿಲ್ಲ. 2024ರ ನವೆಂಬರಿನಿಂದ ಒಂದೊಂದು ಒಪ್ಪಂದದ ಗಾತ್ರವನ್ನು 5-10 ಲಕ್ಷದಿಂದ 15 ಲಕ್ಷಕ್ಕೆ ಏರಿಸಿತು. ಮೊದಲು ವಾರದಲ್ಲಿ ಹೆಚ್ಚುಕಡಿಮೆ ದಿನಕ್ಕೊಂದು ಗಡುವು ಬರುತ್ತಿತ್ತು; ಈಗ ಒಂದು ಪೇಟೆಗೆ ವಾರಕ್ಕೆ ಒಂದೇ. ಆಡುವವರ ಸಂಖ್ಯೆ ಇಳಿಯಿತು. ಆದರೂ 2024-25ರಲ್ಲಿ ನೂರಕ್ಕೆ 91 ಮಂದಿ ಸೋತರು.

‘ದೊಡ್ಡೋರಿಗೆ ಬಾಗಿಲು ತೆಗೆದು ನಮಗೆ ಮಾತ್ರ ಮುಚ್ಚೋದು ನ್ಯಾಯವೇನಮ್ಮ?’ ಎಂದು ಮಗ ವಾದಿಸಿದ. ಅವನ ಮಾತನ್ನು ತೆಗೆದುಹಾಕುವಂತಿಲ್ಲ. ಬಡವನಿಗೂ ಗಳಿಸುವ ಹಕ್ಕಿದೆ. ಆದರೆ ಕೆಲವು ಔಷಧಿಯನ್ನು ಡಾಕ್ಟರ ಚೀಟಿಯಿಲ್ಲದೆ ಅಂಗಡಿಯವನು ಕೊಡಬಾರದು. ಅದು ನಮಗೆ ಅವಮಾನವೇ? ಕಾನೂನು ಬೇಲಿ ಹಾಕಬಹುದು, ಬೋರ್ಡು ನೆಡಬಹುದು. ಬೆರಳು ಹಿಡಿದು ನಿಲ್ಲಿಸುವವರು ಮನೆಯವರೇ. ಆದ್ದರಿಂದ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ, ಕತ್ತರಿಸಿ ಇಟ್ಟುಕೊಳ್ಳಿ:

1. ‘ಷೇರಿಗೆ ಹಾಕ್ತೀನಿ’ ಎಂದರೆ ಸುಮ್ಮನಾಗಬೇಡಿ. ಷೇರೋ, ಮ್ಯೂಚುಯಲ್ ಫಂಡೋ, ಇಲ್ಲಾ ಆಪ್ಷನ್ನೋ ಎಂದು ಬಿಡಿಸಿ ಕೇಳಿ.

2. ಫೀಸು, ಬಾಡಿಗೆ, ಔಷಧಿಯ ದುಡ್ಡು, ಸಾಲದ ದುಡ್ಡು, ಅಡವಿಟ್ಟ ಬಂಗಾರದ ದುಡ್ಡು ಇತ್ತ ಸುಳಿಯಕೂಡದು.

3. ‘ಖಂಡಿತ ಲಾಭ’ ಎಂದವರನ್ನು ನಂಬಬೇಡಿ. ಹಾಗೆ ಭರವಸೆ ಕೊಡುವುದು ಸೆಬಿಯ ನಿಯಮಕ್ಕೇ ವಿರುದ್ಧ. ಸಲಹೆಗಾರರು ಸೆಬಿಯಲ್ಲಿ ನೋಂದಣಿ ಆಗಿದ್ದಾರೆಯೇ ಎಂದು ನೋಡಿ.

4. ಮೋಸವಾದರೆ ಸೆಬಿಯ ಉಚಿತ ದೂರವಾಣಿ 1800 22 7575ಕ್ಕೆ ಕರೆ ಮಾಡಿ. ತಾನಾಗಿ ಆಡಿ ಸೋತದ್ದಕ್ಕೆ ಮಾತ್ರ ಯಾರೂ ಪರಿಹಾರ ಕೊಡುವುದಿಲ್ಲ.

5. ಸೋತ ಮಗನನ್ನು ಬೈದು ಮೂಲೆಗೆ ತಳ್ಳಬೇಡಿ. ಕಳೆದದ್ದನ್ನು ವಾಪಸು ಗೆಲ್ಲುತ್ತೇನೆಂದು ಗುಟ್ಟಾಗಿ ಮತ್ತೆ ಆಡುವವರೇ ಹೆಚ್ಚು.

ಯಜಮಾನರಿಗೆ ಹೇಳಲು ನನಗೆ ನಾಲ್ಕು ದಿನ ಬೇಕಾಯಿತು. ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನ್ನನ್ನೂ ಒಂದು ಮಾತು ಕೇಳಬಹುದಿತ್ತು’ ಎಂದರು, ಅಷ್ಟೇ. ಬೈದಿದ್ದರೇ ವಾಸಿಯಿತ್ತು. ಬಳೆ ಅಡವಿಟ್ಟು ಮಗಳ ಫೀಸು ಕಟ್ಟಿದೆವು. ಮಗ ಆ ಖಾತೆ ಮುಚ್ಚಿ, ತಿಂಗಳಿಗೆ ನಾಲ್ಕು ಸಾವಿರ ಕಳಿಸುತ್ತಿದ್ದಾನೆ. ಯುಗಾದಿಯ ಹೊತ್ತಿಗೆ ಒಂದು ಬಳೆಯಾದರೂ ಕೈಗೆ ಬಂದೀತು.

ನಿಮ್ಮ ಮನೆಯ ಹುಡುಗ ಊಟದ ನಡುವೆ ಪದೇ ಪದೇ ಮೊಬೈಲ್ ನೋಡುತ್ತಿದ್ದರೆ, ಇವತ್ತೇ ಪಕ್ಕದಲ್ಲಿ ಕೂತು ಕೇಳಿ. ನಾನು ಕೇಳಿದ್ದು ತಡವಾಯಿತು.