ಹೊಸ ಬೈಕಿಗೆ ಹಳೆಯ ಸೈಲೆನ್ಸರ್

ತಾಳಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಏರುವ ತಿರುವುಗಳಲ್ಲಿ ಗುಡುಗುತ್ತ ಸಾಗುವ ಬೈಕುಗಳೆಲ್ಲ ಹಳೆಯವಲ್ಲ. 2020ರ ಏಪ್ರಿಲ್ 1ರಂದು ಜಾರಿಗೆ ಬಂದ ಬಿಎಸ್-6 ನಿಯಮದ ಬೈಕಿಗೆ ಅದೇ ಮಾದರಿಯ ಹಿಂದಿನ ವರ್ಷಗಳ ಸೈಲೆನ್ಸರ್ ಜೋಡಿಸಿದವೂ ಅವುಗಳಲ್ಲಿವೆ. ಬೋಲ್ಟ್ ಕೂಡಿದರೆ ಸಾಕೆಂಬುದು ಈ ಜೋಡಣೆಯ ತರ್ಕ.

ಕೂಡುವುದು ಬೋಲ್ಟ್ ಮಾತ್ರ. ಹೊಸ ಬೈಕುಗಳಲ್ಲಿ ಬಹುತೇಕಕ್ಕೆ ಕಾರ್ಬ್ಯುರೇಟರ್ ಇಲ್ಲ; ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಸೆನ್ಸರ್ ಅಳೆದು ತಿಳಿಸಿದಂತೆ ಇಸಿಯು ಎಂಬ ಪುಟ್ಟ ಗಣಕ ಪೆಟ್ರೋಲಿನ ಪ್ರಮಾಣವನ್ನು ತಿದ್ದುತ್ತದೆ. ಆ ಹದವಿದ್ದಾಗಲೇ ಕ್ಯಾಟಲಿಟಿಕ್ ಕನ್ವರ್ಟರ್ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್ ಹಾಗೂ ಸಾರಜನಕದ ಆಕ್ಸೈಡುಗಳನ್ನು ಒಟ್ಟಿಗೆ ಕುಗ್ಗಿಸಬಲ್ಲದು. ಹಳೆಯ ಕೊಳವೆಗಳಲ್ಲಿ ಅನೇಕಕ್ಕೆ ಸೆನ್ಸರ್ ಕೂರುವ ರಂಧ್ರವೇ ಇಲ್ಲ. ಅದನ್ನು ಕಳಚಿದರೆ ಎಚ್ಚರಿಕೆಯ ದೀಪ ಹೊತ್ತಿಕೊಂಡು, ಇಸಿಯು ಅಂದಾಜಿನ ಮೇಲೆ ನಡೆಯುತ್ತದೆ. ದೀಪ ಆರಿಸಲು ಸುಳ್ಳು ಸಂಕೇತ ಕೊಡುವ ಬಿಡಿಭಾಗವೂ ಮಾರಾಟಕ್ಕಿದೆ. ಮಣ್ಣಿನ ಪರೀಕ್ಷೆಗೆ ಪಕ್ಕದ ಹೊಲದ ಮಣ್ಣನ್ನು ಒಪ್ಪಿಸಿದಂತೆ! ಹಳೆಯ ವರ್ಷದ ಇಸಿಯು ತಂದು ಹಾಕಿದರೆ ಅದಕ್ಕೆ ಹೊಸ ಸೆನ್ಸರ್‌ಗಳ ಭಾಷೆ ತಿಳಿಯದು. ಹೊಗೆ ತಪಾಸಣೆಯಲ್ಲಿ ನಿಂತ ಬೈಕಿನ ಮೊದಲೆರಡು ಅನಿಲಗಳನ್ನಷ್ಟೇ ಅಳೆಯುವುದರಿಂದ ಮೂರನೆಯದು ಚೀಟಿಯಲ್ಲಿ ಕಾಣುವುದೇ ಇಲ್ಲ.

ಶಬ್ದ ಹಾಗೂ ವಾಯುಮಾಲಿನ್ಯದ ಮಿತಿ ಮೀರಿದ ವಾಹನ ಓಡಿಸುವುದು ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನಡಿ ಶಿಕ್ಷಾರ್ಹ. ಆದರೂ ಗುಡುಗಿನ ಆಸೆಗೆ ಸೈಲೆನ್ಸರ್ ಬದಲಿಸುವ ನಗರದ ಸವಾರನನ್ನೂ, ತುಕ್ಕು ತಿಂದದ್ದಕ್ಕೆ ಬದಲಾಗಿ ಅಗ್ಗದ್ದನ್ನು ಹುಡುಕುವ ಪೊನ್ನಾಚಿಯ ರೈತನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಸವಾರನಿಗೆ, 2013ರಲ್ಲಿ ವನ್ಯಧಾಮವೆಂದು ಘೋಷಿತವಾದ ಈ ಆನೆಗಳ ಕಾಡನ್ನು ಹೊಗುವ ಮುನ್ನವೇ ದಂಡ ಬೀಳಲಿ. ರೈತನಿಗೆ ಕನ್ವರ್ಟರ್ ಸಹಿತ ಸೈಲೆನ್ಸರ್ ಕೈಗೆಟಕುವ ಬೆಲೆಗೆ ಸಿಗಬೇಕು. ಇಸಿಯು ದೋಷ ಓದುವ ಉಪಕರಣ ಹನೂರಿನ ಸಣ್ಣ ಮೆಕ್ಯಾನಿಕ್‌ಗೂ ದೊರೆಯಬೇಕು. ಈ ಹೊಣೆ ಬೈಕು ಮಾರುವ ಕಂಪನಿಗಳದು.